ಗಾಳಿಯಲ್ಲೇ ಓಡುವ ತಾಮ್ರದ ಕ್ಯಾಟಲಿಸ್ಟ್: ನನ್ನ ಅನುಭವ

"ಕಾಂಪ್ಲೆಕ್ಸ್ ಏನೂ ಮಾಡ್ತಿಲ್ಲ ಸರ್, ಅದೆಲ್ಲ ಬಿಡಿ ತಾಮ್ರದ ಕೆಲಸ." ತಾಮ್ರವನ್ನು ಲಿಗ್ಯಾಂಡ್‌ಗೆ (ಲೋಹವನ್ನು ಹಿಡಿದಿಡುವ ಸಾವಯವ ಅಣು) ಕಟ್ಟಿ ಮಾಡಿದ ನನ್ನ ಕಾಂಪ್ಲೆಕ್ಸ್, ಕ್ಯಾಟಲಿಸ್ಟ್ (ವೇಗವರ್ಧಕ) ಆಗಿ ಗಾಳಿಯ ಆಕ್ಸಿಜನ್‌ನಿಂದ ಬೆಂಜೈಲ್ ಆಲ್ಕೋಹಾಲನ್ನು ಬೆಂಜಾಲ್ಡಿಹೈಡ್ ಮಾಡುವುದನ್ನು ತೋರಿಸಿದಾಗಲೆಲ್ಲ ನೋಡಿದವರಿಂದ ಇದನ್ನೇ ಕೇಳಿದ್ದೇನೆ. ಈಗ ಉತ್ತರ ಕೈಯಲ್ಲಿದೆ. ಅಷ್ಟೇ ಕಾಪರ್ ಅಸಿಟೇಟ್, ಅದೇ ಬೇಸ್ (ಕ್ಷಾರ), ಅದೇ ಗಾಳಿ ಕೊಟ್ಟು ಲಿಗ್ಯಾಂಡ್ ಒಂದನ್ನೇ ಬಿಟ್ಟರೆ ಜಿಸಿಯಲ್ಲಿ (ಗ್ಯಾಸ್ ಕ್ರೊಮ್ಯಾಟೋಗ್ರಫಿ, ಮಿಶ್ರಣದಲ್ಲಿ ಏನೆಷ್ಟಿದೆ ಎಂದು ಅಳೆಯುವ ವಿಧಾನ) ಆಲ್ಡಿಹೈಡ್ ಶೇ. 3–4 ದಾಟುವುದಿಲ್ಲ. ಲಿಗ್ಯಾಂಡ್ ಸೇರಿದರೆ ಶೇ. 80ರ ಆಸುಪಾಸು.

ಮಾದರಿ ಗ್ಯಾಲಕ್ಟೋಸ್ ಆಕ್ಸಿಡೇಸ್, ಆಲ್ಕೋಹಾಲನ್ನು ಆಲ್ಡಿಹೈಡ್ ಮಾಡುವ ತಾಮ್ರದ ಕಿಣ್ವ. ತಾಮ್ರ ಒಂದು ಎಲೆಕ್ಟ್ರಾನ್, ಪಕ್ಕದ ಟೈರೋಸಿನ್ 272 (ಕಿಣ್ವದ ಸರಪಳಿಯಲ್ಲಿ 272ನೆಯ ಅಮೈನೋ ಆಮ್ಲ) ಇನ್ನೊಂದು ಎಲೆಕ್ಟ್ರಾನ್ ಹೊರುವ ಆ ಜೋಡಿಯನ್ನು 1998ರಲ್ಲೇ ರಸಾಯನಶಾಸ್ತ್ರಜ್ಞರಾದ ಸ್ಟ್ಯಾಕ್ ಮತ್ತು ವೀಗ್‌ಹಾರ್ಟ್ ತಂಡಗಳು ಫ್ಲಾಸ್ಕಿಗೆ ಇಳಿಸಿದ್ದವು. ನನ್ನ ದಾರಿಯೂ ಅದೇ, ಖರ್ಚು ಮಾತ್ರ ಸಣ್ಣ ಲ್ಯಾಬಿಗೆ ಒಗ್ಗುವಷ್ಟು.

ಮೊದಲ ವರ್ಷ ಪೂರ್ತಿ ದುಡ್ಡು ಸುರಿದದ್ದೇ ಬಂತು. ಸಾದಾ ಫೀನಾಲ್‌ನಿಂದ ಕಟ್ಟಿದ ಲಿಗ್ಯಾಂಡ್‌ಗಳಲ್ಲಿ ಉಂಗುರದ ಆರ್ಥೋ, ಪ್ಯಾರಾ ಜಾಗಗಳು (ಓಎಚ್ ಗುಂಪಿನ ಪಕ್ಕದವು ಮತ್ತು ಎದುರಿನದು) ತೆರೆದಿರುತ್ತವೆ. ರ‍್ಯಾಡಿಕಲ್ (ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಅಣು) ಹುಟ್ಟಿದ ಕೂಡಲೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಸಿರು ದ್ರಾವಣ ಸಂಜೆಯೊಳಗೆ ಕಂದು, ಬೆಳಿಗ್ಗೆ ತಳದಲ್ಲಿ ಡಾಂಬರು. ಸಿಲಿಕಾ, ಸಾಲ್ವೆಂಟ್, ಹೊರಗಡೆ ಮಾಡಿಸಿದ ಜಿಸಿ, ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಹೋಯಿತು.

2,4-ಡೈ-ಟರ್ಟ್-ಬ್ಯುಟೈಲ್‌ಫೀನಾಲ್‌ಗೆ ಬಂದ ಮೇಲೆ ಕತೆಯೇ ಬದಲಾಯಿತು: ಅದರಲ್ಲಿ ಪ್ಯಾರಾ ಮತ್ತು ಒಂದು ಆರ್ಥೋ ಜಾಗವನ್ನು ದಪ್ಪ ಗುಂಪುಗಳು ಮುಚ್ಚಿವೆ. ಅದು ಎರಡು ಪಾಲು, 2-ಪಿಕೋಲೈಲಮೀನ್ ಒಂದು ಪಾಲು, ಸ್ವಲ್ಪ ಹೆಚ್ಚೇ ಫಾರ್ಮಲಿನ್, ಮೆಥನಾಲ್‌ನಲ್ಲಿ ರಿಫ್ಲಕ್ಸ್ (ಆವಿಯನ್ನು ತಣಿಸಿ ಮರಳಿಸುತ್ತಾ ಕುದಿಸುವುದು). ತಣಿದಾಗ ಫ್ಲಾಸ್ಕಿನ ಗೋಡೆಗೆ ಬಿಳಿ ಪುಡಿ ಕೂರುತ್ತದೆ. ತಣ್ಣನೆಯ ಮೆಥನಾಲ್‌ನಲ್ಲಿ ತೊಳೆದರೆ ಆಯಿತು, ಶುದ್ಧೀಕರಣಕ್ಕೆ ಸಿಲಿಕಾ ಕಾಲಂ ಬೇಡವೇ ಬೇಡ. ಯೀಲ್ಡ್ ಶೇ. 60–70. ಇದರಲ್ಲಿ ದುಬಾರಿಯಾದದ್ದು ಪಿಕೋಲೈಲಮೀನ್ ಒಂದೇ. ಇಷ್ಟು ಶುದ್ಧವಾಗಿ, ಇಷ್ಟು ಅಗ್ಗವಾಗಿ ನಮ್ಮ ಸುತ್ತಮುತ್ತ ಬೇರೆ ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ.

ಬೇಸ್ ಆಗಿ ಹಾಕುವ ಕೆಓಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಎಷ್ಟು, ಯಾವ ಹಂತದಲ್ಲಿ ಎಂಬುದನ್ನು ಪೇಪರ್ ಬರುವವರೆಗೆ ಹೇಳಲಾರೆ. ಗಾಳಿಯ ಬದಲು ಆಕ್ಸಿಜನ್ ಬಲೂನು ಮಾತ್ರ ಕಟ್ಟಬೇಡಿ: ಬೆಂಜೋಯಿಕ್ ಆಮ್ಲ ಬಂದು ಬೇಸನ್ನು ತಿಂದುಹಾಕುತ್ತದೆ.

ನಡುವೆ ಕುತೂಹಲಕ್ಕೆ ತಾಮ್ರದ ಬದಲು ಸತು ಹಾಕಿದೆ. ನಿಧಾನ, ಆದರೂ ನಿಲ್ಲಲಿಲ್ಲ! ಸತು 2+ ಸ್ಥಿತಿ ಬಿಟ್ಟು ಕದಲುವುದಿಲ್ಲ, ಅಂದರೆ ಅಲ್ಲಿ ಎಲೆಕ್ಟ್ರಾನ್ ವ್ಯವಹಾರವೆಲ್ಲ ಲಿಗ್ಯಾಂಡ್ ಮೇಲೆಯೇ. ಬಿಡಿ ತಾಮ್ರ ಎನ್ನುತ್ತಿದ್ದವರು ಆ ಪ್ರಯೋಗದ ಗ್ರಾಫ್ ನೋಡಿದ ಮೇಲೆ ಸುಮ್ಮನಾದರು. ಕಿಣ್ವದಲ್ಲಿ ಆ ಟೈರೋಸಿನ್‌ಗೆ ಗಂಧಕದ ಮೂಲಕ ಅಂಟಿರುವ ಸಿಸ್ಟೀನ್ 228ರ ನೆನಪಿಗೆ ಆರ್ಥೋದಲ್ಲಿ ಗಂಧಕದ ಗುಂಪಾದ ಮೀಥೈಲ್‌ಥಯೋ ಕೂರಿಸಿಯೂ ನೋಡಿದೆ. ನಾತ ಜಾಸ್ತಿ, ಲಾಭ ಕಾಣಲಿಲ್ಲ, ಬಿಟ್ಟೆ.

ಪ್ಯಾರಾ-ಮೆಥಾಕ್ಸಿ ಇರುವ ಬೆಂಜೈಲ್ ಆಲ್ಕೋಹಾಲ್ ಇನ್ನೂ ಬೇಗ ಮುಗಿಯುತ್ತದೆ. ಬೆಂಜೀನ್ ಉಂಗುರವಿಲ್ಲದ 1-ಆಕ್ಟನಾಲ್ ಮಾತ್ರ ಶೇ. 10ರಲ್ಲೇ ನಿಂತಿದೆ, ಅದಕ್ಕೇ ಪಿಕೋಲೈಲಮೀನ್‌ನಿಂದ ಬಂದ ಪಿರಿಡೀನ್ ತೋಳಿನ ಜಾಗಕ್ಕೆ ಇಮಿಡಜೋಲ್ ತರುವ ಕೆಲಸ ಈಗ ನಡೆದಿದೆ.