ಥಂಡಿಗೆ ಉಬ್ಬದ ಪಾವಿನ ಹಿಟ್ಟು

ಬೆಳಗಾವಿಯ ಡಿಸೆಂಬರ್ ಚಳಿಯಲ್ಲಿ ಪಾವ್ ಬ್ರೆಡ್ಡಿಗೆಂದು ನಾದಿಟ್ಟ ಮೈದಾ ಎರಡು ತಾಸಾದರೂ ಇದ್ದಲ್ಲೇ ಕೂತಿತ್ತು. ಬೇಸಿಗೆಯಲ್ಲಿ ಅದೇ ಅಳತೆಗೆ ಒಂದು ತಾಸು ಸಾಕು. "ಥಂಡಿ ಬಡದೈತಿ ತಗೋ, ಯೀಸ್ಟ್ ಏನ್ ಸತ್ತಿಲ್ಲ" ಅಂದರು ಅತ್ತೆ.

ಆದರೂ ಮೊದಲು ಯೀಸ್ಟನ್ನೇ ಪರೀಕ್ಷಿಸಿದೆ. ಕಾಲು ಲೋಟ ಉಗುರುಬೆಚ್ಚಗಿನ ನೀರು, ಚಿಟಿಕೆ ಸಕ್ಕರೆ, ಅರ್ಧ ಚಮಚ ಯೀಸ್ಟ್. ಹತ್ತು ನಿಮಿಷಕ್ಕೆ ದಪ್ಪ ನೊರೆ ಕಟ್ಟಿತು. ಅತ್ತೆ ಹೇಳಿದ್ದೇ ಖರೆ. ಯೀಸ್ಟ್ ಸಕ್ಕರೆ ತಿಂದು ಬಿಡುವ ಕಾರ್ಬನ್ ಡೈಆಕ್ಸೈಡ್, ಮೈದಾದ ಗ್ಲುಟೆನ್ ಎಂಬ ಜಿಗುಟು ಪ್ರೋಟೀನಿನ ಬಲೆಯಲ್ಲಿ ಸಿಕ್ಕಿಕೊಂಡಾಗಲೇ ಹಿಟ್ಟು ಉಬ್ಬುವುದು. 25ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಕೆಲಸ ಚುರುಕು, 15ರ ಆಸುಪಾಸಿಗಿಳಿದರೆ ಬಹಳ ನಿಧಾನ. 60 ದಾಟಿದರೆ ಯೀಸ್ಟ್ ಸಾಯುತ್ತದೆ, ಅದಕ್ಕೇ ಹಿಟ್ಟಿಗೆ ಕುದಿನೀರು ಸುರಿಯಬಾರದು.

ಮಾಡಿದ್ದಿಷ್ಟೆ: ಓವನ್ ಆನ್ ಮಾಡದೆ, ಕೆಳಗೆ ಕುದಿನೀರಿನ ಬೋಗುಣಿ, ಮೇಲೆ ಒದ್ದೆ ಬಟ್ಟೆ ಮುಚ್ಚಿದ ಹಿಟ್ಟಿನ ಪಾತ್ರೆ ಇಟ್ಟು ಬಾಗಿಲು ಹಾಕಿದೆ. ನೀರು ಆರಿದಾಗ ಬದಲಿಸಿದೆ. ಮುಕ್ಕಾಲು ತಾಸಿಗೆ ಹಿಟ್ಟು ಪಾತ್ರೆಯ ಅಂಚು ಮುಟ್ಟಿತ್ತು. ಒಣ ಹಿಟ್ಟು ಹಚ್ಚಿದ ಬೆರಳಿನಿಂದ ಒತ್ತಿದರೆ ಗುಳಿ ಮೆಲ್ಲಗೆ ಅರ್ಧ ತುಂಬಿಕೊಂಡಿತು, ಅದೇ ಹದ. ಗುಳಿ ಹಾಗೇ ಉಳಿದರೆ ಹದ ಮೀರಿದೆ, ಚಟ್ಟನೆ ಮೇಲೆದ್ದರೆ ಇನ್ನೂ ಕಾಯಬೇಕು.

ಮನೆಯಲ್ಲಿ ಒಬ್ಬರು "ಒಂದ್ ಚಿಟಿಕಿ ಸೋಡಾ ಹಾಕಿಬಿಡು" ಅಂದಿದ್ದರು. ಸೋಡಾಕ್ಕೆ ಮೊಸರಿನಂಥ ಹುಳಿ ಜೊತೆಗಿರಬೇಕು, ಇಲ್ಲದಿದ್ದರೆ ತಿಂದಾಗ ಸಾಬೂನಿನ ರುಚಿ. ಕೇಕಿಗೆ ಸರಿ, ನನ್ನ ಪಾವಿಗೆ ಅದರ ಉಸಾಬರಿ ಬೇಡ.