ಅಂಟಾರ್ಕ್ಟಿಕಾಕ್ಕೆ ಸಾಮಾನು ಒಯ್ಯುವ ಹಡಗಿನಲ್ಲಿ ಬೆಳಗಾವಿಯ ಮೆಕ್ಯಾನಿಕ್

ಅಂಟಾರ್ಕ್ಟಿಕಾಕ್ಕೆ ವಿಜ್ಞಾನಿಗಳಷ್ಟೇ ಹೋಗುತ್ತಾರೆ ಅಂತ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ವೆಲ್ಡರ್, ಕ್ರೇನ್ ಆಪರೇಟರ್, ಅಡುಗೆಯವರು, ಮೆಕ್ಯಾನಿಕ್ ಇಲ್ಲದೆ ಅಲ್ಲಿನ ಸಂಶೋಧನಾ ನೆಲೆ ನಡೆಯುವುದೇ ಇಲ್ಲ. ನಾನು ಹೋಗಿದ್ದು ಹೈಡ್ರಾಲಿಕ್ ಮೆಕ್ಯಾನಿಕ್ ಆಗಿ, ಅಂದರೆ ಎಣ್ಣೆಯ ಒತ್ತಡದಿಂದ ನಡೆಯುವ ಯಂತ್ರಗಳ ರಿಪೇರಿಗೆ. ಕೆಲಸ ಕಲಿತದ್ದು ಬೆಳಗಾವಿಯ ಉದ್ಯಮಬಾಗದ ಶೆಡ್ಡುಗಳಲ್ಲಿ. ಅಲ್ಲಿಗೆ ಭಾರತದ ತಂಡ ಕಳಿಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇರುವುದು ಗೋವಾದ ವಾಸ್ಕೋದಲ್ಲಿ. ಚೋರ್ಲಾ ಘಾಟ್ ಇಳಿದರೆ ಗೋವಾ ಬಂತು, ಅಲ್ವಾ? ಇಷ್ಟು ಹತ್ತಿರ ಇದ್ದೂ ನಮ್ಮ ಐಟಿಐ ಹುಡುಗರಿಗೆ ಇದು ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವೈದ್ಯಕೀಯ ತಪಾಸಣೆ, ಉತ್ತರಾಖಂಡದ ಔಲಿಯಲ್ಲಿ ಹಿಮದ ತರಬೇತಿ ಎಲ್ಲ ಮುಗಿಸಿ ಕೇಪ್ ಟೌನ್‌ನಲ್ಲಿ ಹಡಗು ಹತ್ತಿದೆವು. ಹತ್ತುವ ಮೊದಲು ಬೂಟು, ಜಾಕೆಟ್ಟು ತಿಕ್ಕಿ ಸ್ವಚ್ಛ ಮಾಡಬೇಕು. ಹೊರಗಿನ ಒಂದು ಬೀಜವೂ ಅಲ್ಲಿಗೆ ಹೋಗಬಾರದು. ಬೂಟಿನ ಗೆರೆಗಳೊಳಗೆ ಕೂತ ಮಣ್ಣನ್ನು ಸೂಜಿಯಿಂದ ಕೆದರಿ ತೆಗೆದೆ.

ನಿಜವಾದ ತಲೆನೋವು ಲೋಡಿಂಗ್. ನಮಗೆ ಅಲ್ಲಿ ಎರಡು ನೆಲೆ: 1989ರ ಮೈತ್ರಿ, 2012ರ ಭಾರತಿ. ನಡುವೆ ಸುಮಾರು 3,000 ಕಿ.ಮೀ. ನಮ್ಮ ಹಡಗು ಎರಡಕ್ಕೂ ಸಾಮಾನು ಒಯ್ಯಬೇಕಿತ್ತು. ಮೊದಲು ಇಳಿಯುವುದು ಮೇಲಿರಬೇಕು. ಆದರೆ ಭಾರದ್ದು ಕೆಳಗಿರಬೇಕು, ಇಲ್ಲದಿದ್ದರೆ ಹಡಗು ಜಾಸ್ತಿ ಹೊಯ್ದಾಡುತ್ತದೆ. ಸಾಮಾನು ಎಳೆಯುವ ಚೈನ್ ಗಾಡಿ (ಚಕ್ರದ ಬದಲು ಪಟ್ಟಿಯ ಮೇಲೆ ಓಡುವಂಥದ್ದು) ಭಾರವೂ ಹೌದು, ಮೊದಲು ಇಳಿಯಬೇಕಾದದ್ದೂ ಹೌದು! ಇದನ್ನು ಬಿಡಿಸೋಕೆ ನಕ್ಷೆ ಹಿಡಿದುಕೊಂಡು ಮತ್ತೆ ಮತ್ತೆ ಚರ್ಚೆ ನಡೆಯುತ್ತಿತ್ತು. ಸಾದಾ ಡೀಸೆಲ್ ಚಳಿಗೆ ಮೇಣ ಕಟ್ಟುತ್ತದೆ, ಹಾಗಾಗಿ ಒಯ್ಯುವುದು ವಿಮಾನಕ್ಕೆ ಹಾಕುವಂಥ ಇಂಧನ.

ದಕ್ಷಿಣಕ್ಕೆ 40 ಡಿಗ್ರಿ ಅಕ್ಷಾಂಶ ದಾಟಿದ ಮೇಲೆ ಅಲೆಗಳನ್ನು ತಡೆಯಲು ನೆಲ ಬಹಳ ಕಡಿಮೆ. ಗಾಳಿ ಭೂಮಿ ಸುತ್ತ ಓಡುತ್ತಲೇ ಇರುತ್ತದೆ. ದಿನಾ ಸುತ್ತು ಹೊಡೆದು ಸಾಮಾನು ಬಿಗಿದ ಚೈನುಗಳನ್ನು ಮತ್ತೆ ಬಿಗಿಯುತ್ತಿದ್ದೆವು. "ಯಪ್ಪಾ, ಹೊಟ್ಟಿಗಿ ಏನರೆ ಹಾಕ್ಕೋತಿರು" ಅಂತ ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಆಗ ಕೈ ಹಿಡಿಯಿತು. ವಾಕರಿಕೆ ಬಂದಾಗ ಒಣ ರೊಟ್ಟಿಯಷ್ಟು ಹೊಟ್ಟೆಯಲ್ಲಿ ನಿಲ್ಲುವುದು ಬೇರೆ ಇಲ್ಲ.

ಮೈತ್ರಿ ಸಮುದ್ರದಂಡೆಯಲ್ಲಿಲ್ಲ, ಸುಮಾರು 100 ಕಿ.ಮೀ. ಒಳಗಿದೆ. ನೆಲದಿಂದ ಸಮುದ್ರದ ಮೇಲಕ್ಕೆ ಚಾಚಿ ತೇಲುವ ದಪ್ಪ ಹಿಮಹಾಸಿನ ಗೋಡೆಗೆ ಹಡಗು ಆತು ನಿಲ್ಲುತ್ತದೆ. ಕ್ರೇನಿನಿಂದ ಸಾಮಾನು ಹಿಮದ ಮೇಲೆ ಇಳಿಯುತ್ತದೆ. ಅಲ್ಲಿಂದ ಚೈನ್ ಗಾಡಿಗಳು ಜಾರುಬಂಡಿಗಳನ್ನು ಎಳೆದುಕೊಂಡು ಸಾಲಾಗಿ ಹೊರಡುತ್ತವೆ.

ಅಲ್ಲೇ ಒಂದು ಗಾಡಿಯ ಹೋಸ್ ಪೈಪ್ ಸೋರಿತು. ಎಂಜಿನ್ ನಿಲ್ಲಿಸಿ, ಲಿವರ್ ಆಡಿಸಿ ಒಳಗಿನ ಒತ್ತಡ ಇಳಿಸಿದೆ. ಕೆಳಗೆ ಟ್ರೇ ಇಟ್ಟೆ. ಓ-ರಿಂಗನ್ನು, ಅಂದರೆ ಜೋಡಣೆಯಲ್ಲಿ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಉಂಗುರವನ್ನು, ಬೆಳಗ್ಗಿನಿಂದ ಒಳಗಿನ ಜೇಬಲ್ಲೇ ಇಟ್ಟುಕೊಂಡಿದ್ದೆ, ಮೈಯ ಬಿಸಿಗೆ ಮೆತ್ತಗಿರಲಿ ಅಂತ. ಚಳಿಗೆ ಸೆಟೆದ ರಬ್ಬರ್ ಸರಿಯಾಗಿ ಕೂರುವುದಿಲ್ಲ. ದಪ್ಪ ಕೈಗವಸಲ್ಲಿ ನಟ್ಟು ಸಿಗಲ್ಲ, ಬರಿಗೈಗೆ ಗಾಳಿ ಬಡಿದರೆ ಬೆರಳೇ ಕೇಳಲ್ಲ. ಒಳಗೆ ಹಾಕಿದ್ದ ತೆಳು ಗವಸಿನಲ್ಲೇ, ಸ್ವಲ್ಪ ಹೊತ್ತು ಕೆಲಸ, ಸ್ವಲ್ಪ ಹೊತ್ತು ಕಂಕುಳಲ್ಲಿ ಕೈ, ಹೀಗೇ ಮುಗಿಸಿದೆ. ಆಮೇಲೆ ಭಾರ ಹಾಕದೆ ಎಣ್ಣೆ ಬಿಸಿಯಾಗಲು ಬಿಟ್ಟು, ಸಿಲಿಂಡರನ್ನು ನಿಧಾನಕ್ಕೆ ಆಡಿಸಿದೆ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಟ್ರೇ ಇಡುವ ಮೊದಲೇ ಅಂಗೈ ಅಗಲದಷ್ಟು ಹಿಮದ ಮೇಲೆ ಎಣ್ಣೆ ಬಿದ್ದಿತ್ತು. ಬೆಳ್ಳಗೆ ಕಾಣುವ ತನಕ ಸಲಿಕೆಯಿಂದ ಅಗೆದು ಡ್ರಮ್ಮಿಗೆ ತುಂಬಿದೆವು. ಅಂಟಾರ್ಕ್ಟಿಕಾದ ಪರಿಸರ ಕಾಪಾಡಲು ದೇಶಗಳು ಮಾಡಿಕೊಂಡ 1991ರ ಮ್ಯಾಡ್ರಿಡ್ ಒಪ್ಪಂದದ ಕಟ್ಟುನಿಟ್ಟು ಅದು. ಸರಿಯಾದ ಕಟ್ಟುನಿಟ್ಟು ಅಂತಲೇ ನನ್ನ ಅಭಿಪ್ರಾಯ. ಬರುವಾಗ ಹಡಗಿನಲ್ಲಿ ಆ ಡ್ರಮ್ಮೂ ಇತ್ತು, ನೆಲೆಯ ಕಸದ ಜೊತೆಗೆ.

ಐಟಿಐ ಮುಗಿಸಿ ನಾಲ್ಕಾರು ವರ್ಷ ಕೈಯಾರೆ ಕೆಲಸ ಮಾಡಿದವರು ಆ ಕೇಂದ್ರದ ವೆಬ್‌ಸೈಟ್ ಆಗಾಗ ನೋಡುತ್ತಿರಿ. ಹುದ್ದೆಗಳ ಪ್ರಕಟಣೆ ಅಲ್ಲೇ ಬರುತ್ತದೆ. ಅನುಭವ ಪತ್ರ ಈಗಲೇ ಬರೆಸಿಟ್ಟುಕೊಳ್ಳಿ. ಹಲ್ಲಿನ ತೊಂದರೆ ಇದ್ದರೆ ತಪಾಸಣೆಗೆ ಮುಂಚೆಯೇ ಸರಿ ಮಾಡಿಸಿಕೊಳ್ಳಿ.