ಕೋಲಾರದ ಬೋರ್ ನೀರಿಗೆ ಒಗ್ಗುವ ಶಾಂಪೂ ಬಾರ್

ಶಾಂಪೂ ಬಾರ್ ಹೊಸದಾಗಿ ಕೊಂಡವರಿಂದ ಬರುವ ದೂರು ಹೆಚ್ಚುಕಮ್ಮಿ ಒಂದೇ: "ಅಕ್ಕಾ, ನೊರೇನೇ ಬರಲ್ಲ, ತಲೆ ಒಣಗಿದ್ಮೇಲೂ ಕೂದ್ಲು ಅಂಟಂಟು ಅಂತೈತೆ." ಅದಕ್ಕೆ ನಾನು ಮೊದಲು ಕೇಳುವುದು ಕೂದಲ ಬಗ್ಗೆ ಅಲ್ಲ, ನೀರಿನ ಬಗ್ಗೆ. ಕೋಲಾರ, ಮಾಲೂರು, ಮುಳಬಾಗಿಲು, ಆ ಕಡೆ ಚಿಂತಾಮಣಿ, ಬಹಳ ಮನೆಗಳಿಗೆ ಬರುವುದು ಆಳದ ಬೋರಿನ ಗಡಸು ನೀರು. ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟಿದ್ದರೆ, ಗೀಸರ್ ಬಿಚ್ಚಿದಾಗ ಕಾಯಿಲ್ ಮೇಲಿಂದ ಸುಣ್ಣದ ಚಕ್ಕೆ ಎದ್ದರೆ ನಿಮ್ಮದೂ ಅದೇ. ಕುಡಿಯುವ ನೀರಿನ ಐಎಸ್ 10500 ಮಾನದಂಡ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಇಟ್ಟಿದೆ. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ.

ಬಾರುಗಳಲ್ಲಿ ಎರಡು ಜಾತಿ. ಒಂದು ನಿಜವಾದ ಸೋಪು: ಎಣ್ಣೆಗೆ ಕಾಸ್ಟಿಕ್ ಸೋಡ ಬೆರೆಸಿ ಮಾಡಿದ್ದು. ಇನ್ನೊಂದು ಸಿಂಡೆಟ್: ಬಾಟಲಿ ಶಾಂಪೂವಿನಲ್ಲಿರುವಂಥ ತೊಳೆಯುವ ಅಂಶವನ್ನೇ ನೀರಿಲ್ಲದೆ ಗಟ್ಟಿ ಮಾಡಿದ್ದು. ಅಂಗಡಿಯಲ್ಲಿ ಎರಡಕ್ಕೂ ಶಾಂಪೂ ಬಾರ್ ಎಂದೇ ಹೆಸರು, ತೊಂದರೆ ಶುರುವಾಗುವುದೇ ಅಲ್ಲಿ. ಸೋಪು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಕರಗದ ಜಿಡ್ಡಾಗುತ್ತದೆ. ಲೆಕ್ಕ ಹಾಕಿ ನೋಡಿ: ಗಡಸುತನ 500 ಇರುವ 20 ಲೀಟರ್ ನೀರಿನಲ್ಲಿ 10 ಗ್ರಾಂ ಸುಣ್ಣಕ್ಕೆ ಸಮನಾದ ಲವಣ ಇರುತ್ತದೆ, ಅದು 50-60 ಗ್ರಾಂ ಸೋಪನ್ನು ನೊರೆ ಬರುವ ಮೊದಲೇ ನುಂಗಬಲ್ಲದು. ಅಂದರೆ ಅರ್ಧ ಬಾರು! ಜಿಡ್ಡಿನಲ್ಲಿ ಒಂದು ಪಾಲು ನೀರಿನ ಜೊತೆ ಹೋಗುತ್ತದೆ, ಉಳಿದದ್ದು ಕೂದಲಿಗೆ ಅಂಟಿಕೊಳ್ಳುತ್ತದೆ. ಸಿಂಡೆಟ್ಟಿನಲ್ಲಿ ಹೆಚ್ಚಾಗಿ ಬಳಸುವ ಸೋಡಿಯಂ ಕೊಕೊಯ್ಲ್ ಐಸೆಥಯೋನೇಟ್ (ಇನ್ನು ಮುಂದೆ ಎಸ್‌ಸಿಐ) ಹೀಗೆ ಮೊಸರಾಗುವುದಿಲ್ಲ. ಅಜ್ಜಿಯಂದಿರ ಸೀಗೆಕಾಯಿ, ಅಂಟುವಾಳ ಇದೇ ಬೋರ್ ನೀರಿನಲ್ಲೂ ನೊರೆ ಕೊಡುವುದು ಇದಕ್ಕೇ. ಅವುಗಳ ಸಪೋನಿನ್ ಸೋಪಿನ ಹಾಗೆ ಕ್ಯಾಲ್ಸಿಯಂಗೆ ಸಿಕ್ಕಿಬೀಳುವುದಿಲ್ಲ.

ಯಾವ ಜಾತಿ ಎಂದು ಮನೆಯಲ್ಲೇ ನೋಡಬಹುದು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಪೆಟ್ರೋಲ್ ಬಂಕಿನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಅರ್ಧ ಲೀಟರಿನ ಎರಡು ಖಾಲಿ ಬಾಟಲಿ ತೆಗೆದುಕೊಂಡು, ಒಂದಕ್ಕೆ 200 ಮಿಲಿ ಡಿಸ್ಟಿಲ್ಡ್ ನೀರು, ಇನ್ನೊಂದಕ್ಕೆ 200 ಮಿಲಿ ಬೋರ್ ನೀರು ಹಾಕಿ. ಬಾರನ್ನು ಚಾಕುವಿನಿಂದ ಹೆರೆದು ಎರಡಕ್ಕೂ ಅರ್ಧರ್ಧ ಗ್ರಾಂ ಉದುರಿಸಿ, ಕರಗುವವರೆಗೆ ಬಿಟ್ಟು, ಚೆನ್ನಾಗಿ ಕುಲುಕಿ. ಸೋಪಾದರೆ ಬೋರ್ ನೀರಿನ ಬಾಟಲಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಮೇಲೆ ಬಿಳಿ ಚೂರು ತೇಲುತ್ತವೆ, ಗಾಜಿಗೆ ಗೆರೆ ಹಿಡಿಯುತ್ತದೆ, ನೊರೆ ಹೆಸರಿಗಷ್ಟೆ. ಸಿಂಡೆಟ್ ಆದರೆ ಎರಡು ಬಾಟಲಿಯಲ್ಲೂ ನೊರೆ ನಿಲ್ಲುತ್ತದೆ.

ಕೊಳ್ಳುವ ಮುಂಚೆ ಹೆರೆಯಲು ಆಗದಲ್ಲ, ಆಗ ಲೇಬಲ್ಲೇ ಗತಿ. ಸೋಡಿಯಂ ಪಾಮೇಟ್, ಸೋಡಿಯಂ ಆಲಿವೇಟ್, ಸೋಡಿಯಂ ಸ್ಟಿಯರೇಟ್, ಸೋಡಿಯಂ ಕೊಕೊಯೇಟ್ ಮೊದಲ ಸಾಲಿನಲ್ಲಿದ್ದರೆ ಅದು ಸೋಪು. ಕೊಕೊಯೇಟನ್ನು ಕೊಕೊಯ್ಲ್ ಐಸೆಥಯೋನೇಟ್ ಎಂದು ಓದಿಕೊಳ್ಳಬೇಡಿ. ಕರಗಿಸಿ ಅಚ್ಚಿಗೆ ಸುರಿಯುವ ಗ್ಲಿಸರಿನ್ ಬೇಸ್‌ನಿಂದ ಮಾಡಿ ಮೇಳಗಳಲ್ಲಿ ಮಾರುವ ಬಣ್ಣದ ಬಾರುಗಳೂ ಹೆಚ್ಚಿನವು ಸೋಪೇ. "ಸಲ್ಫೇಟ್ (ಬಾಟಲಿ ಶಾಂಪೂಗಳಲ್ಲಿರುವ ಜೋರು ತೊಳೆಯುವ ಅಂಶ) ಇಲ್ಲ" ಎಂದು ದೊಡ್ಡದಾಗಿ ಬರೆದಿದ್ದರೆ ಅದು ಸುಳ್ಳಲ್ಲ, ಆದರೆ ಸೋಪಿನಲ್ಲಿ ಸಲ್ಫೇಟ್ ಇರುವುದೇ ಇಲ್ಲವಾದ್ದರಿಂದ ಆ ಮಾತಿನಿಂದ ಏನೂ ತಿಳಿಯುವುದಿಲ್ಲ. ಎಣ್ಣೆ-ಕಾಸ್ಟಿಕ್‌ನ ಕೈಸೋಪಿಗೆ "ಪಿಎಚ್ 5.5" (ಪಿಎಚ್ ಅಂದರೆ ಹುಳಿ-ಕ್ಷಾರದ ಅಳತೆ: 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಎಂದು ಹಾಕಿದ್ದರೆ ಅಲ್ಲೇ ಇಟ್ಟುಬಿಡಿ. ಸೋಪಿನ ಪಿಎಚ್ 9-10. ಹುಳಿ ಬೆರೆಸಿ ಕೆಳಗಿಳಿಸಲು ಹೋದರೆ ಸೋಪು ಒಡೆದು ಕೊಬ್ಬಿನ ಆಮ್ಲವಾಗುತ್ತದೆ, ಸೋಪಾಗಿ ಉಳಿಯುವುದಿಲ್ಲ. ನೆತ್ತಿಯ ಚರ್ಮದ ಪಿಎಚ್ 5.5ರ ಆಸುಪಾಸು. ಕ್ಷಾರ ಹೆಚ್ಚಾದಷ್ಟೂ ಕೂದಲ ಹೊರಪದರದ ಪೊರೆಗಳು ಏಳುತ್ತವೆ, ಸಿಕ್ಕು ಜಾಸ್ತಿ, ಬಣ್ಣ ಹಾಕಿದ್ದರೆ ಅದೂ ಬೇಗ ಇಳಿಯುತ್ತದೆ.

ಸೋಪಿನ ಬಾರು ಮಾರುವವರು "ಒಂದು ತಿಂಗಳು ತಡೀರಿ, ಕೂದಲು ಒಗ್ಗಿಕೊಳ್ಳುತ್ತೆ" ಎನ್ನುತ್ತಾರೆ. ನಮ್ಮ ನೀರಿನಲ್ಲಿ ಅದು ಒಗ್ಗುವುದಲ್ಲ, ಜಿಡ್ಡು ಶೇಖರವಾಗುವುದು. ಲೀಟರ್ ನೀರಿಗೆ ಒಂದು ಟೇಬಲ್ ಚಮಚ ವಿನೆಗರ್ ಹಾಕಿ ಸುರಿದುಕೊಂಡರೆ ಸ್ವಲ್ಪ ಹಗುರ ಅನಿಸುತ್ತದೆ. ಆದರೆ ಹುಳಿ ಕ್ಯಾಲ್ಸಿಯಂ ಬಿಡಿಸಿದರೂ ಕೊಬ್ಬಿನ ಆಮ್ಲ ಕೂದಲ ಮೇಲೇ ಉಳಿಯುತ್ತದೆ, ಪೂರ್ತಿ ಬಿಡುವುದಿಲ್ಲ.

ಸಿಂಡೆಟ್ ಎಂದು ಖಾತ್ರಿಯಾದ ಮೇಲೆ ಕೂದಲ ಗುಣ. ತೆಳು ಕೂದಲು, ಬೇಗ ಎಣ್ಣೆ ಇಳಿಯುವ ನೆತ್ತಿಗೆ ಬೆಣ್ಣೆ, ಎಣ್ಣೆಗಳು ಲೇಬಲ್ಲಿನ ಕೊನೆಯಲ್ಲಿರುವ ಬಾರು ಸಾಕು. ಒರಟು, ಗುಂಗುರು, ಒಣ ಕೂದಲಿಗೆ ಸೀಟೈಲ್ ಆಲ್ಕೊಹಾಲ್ (ಹೆಸರಿಗೆ ಆಲ್ಕೊಹಾಲ್, ಕೂದಲು ಒಣಗಿಸುವುದಿಲ್ಲ), ಶಿಯಾ ಬೆಣ್ಣೆ ಮುಂದಿರುವುದು ಒಳ್ಳೆಯದು. ವಾರಕ್ಕೊಮ್ಮೆ ಹರಳೆಣ್ಣೆ ಹಚ್ಚಿ ಎಣ್ಣೆಸ್ನಾನ ಮಾಡುವವರಿಗೆ ಎಸ್‌ಸಿಐ ಒಂದೇ ಇರುವ ಮೆದು ಬಾರು ಒಂದು ಸುತ್ತಿಗೆ ಸಾಲುವುದಿಲ್ಲ. ಎರಡು ಸುತ್ತು ತೊಳೆಯಬೇಕು, ಇಲ್ಲವೇ ಸೋಡಿಯಂ ಕೊಕೊ ಸಲ್ಫೇಟ್ ಬೆರೆತ ಬಾರು ಆರಿಸಬೇಕು. ತಲೆಹೊಟ್ಟಿಗೆ ಬಾರು ಬದಲಿಸುತ್ತಾ ಕೂರುವುದು ವ್ಯರ್ಥ, ಅದಕ್ಕೆ ಕೆಟೊಕೊನಜೋಲ್‌ನಂಥ ಔಷಧದ ಶಾಂಪೂ ಇದೆ, ಚರ್ಮದ ಡಾಕ್ಟರಿಗೆ ತೋರಿಸಿ.

ಮನೆಯಲ್ಲಿ ನಾನು ಮಾಡುವ 100 ಗ್ರಾಂ ಬಾರಿನ ಅಳತೆ ಇದು: ಎಸ್‌ಸಿಐ ಪುಡಿ 60 ಗ್ರಾಂ, ಕೊಕಮಿಡೊಪ್ರೊಪೈಲ್ ಬಿಟೈನ್ (ನೊರೆ ಕೊಡುವ ದ್ರವ, ನೂರಕ್ಕೆ 30 ಭಾಗದ ದ್ರಾವಣ; ಮುಂದೆ ಬರೀ ಬಿಟೈನ್) 18, ಸೀಟೈಲ್ ಆಲ್ಕೊಹಾಲ್ 6, ಸ್ಟಿಯರಿಕ್ ಆಮ್ಲ 4, ಕೊಬ್ಬರಿ ಎಣ್ಣೆ 3, ಡಿಸ್ಟಿಲ್ಡ್ ನೀರು 5.8, ಡೈಸೋಡಿಯಂ ಇಡಿಟಿಎ 0.2, ಪ್ಯಾಂಥೆನಾಲ್ 2, ಫೀನಾಕ್ಸಿಎಥನಾಲ್ ಇರುವ ಪ್ರಿಸರ್ವೇಟಿವ್ 1. ಇಡಿಟಿಎ ಚಿಟಿಕೆಯಷ್ಟೇ ಆದರೂ ಬಿಡಬೇಡಿ, ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಬಾರಿಗೆ ಹಾಕುವ ಡಿಸ್ಟಿಲ್ಡ್ ನೀರು ಬ್ಯಾಟರಿಯದಲ್ಲ, ಔಷಧಿ ಅಂಗಡಿಯದು. ತೂಕಕ್ಕೆ 0.1 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು, ಚಮಚದ ಅಳತೆ ಆಗುವುದಿಲ್ಲ.

ಎಸ್‌ಸಿಐ ಪುಡಿ ತೂಗುವಾಗ ಎನ್95 ಮಾಸ್ಕ್ ಹಾಕಿ, ಫ್ಯಾನ್ ಆರಿಸಿ. ಪುಡಿ ಹಾರಿ ಮೂಗಿಗೆ ಹೋದರೆ ಗಂಟಲೆಲ್ಲಾ ಉರಿ, ಕೆಮ್ಮು ನಿಲ್ಲುವುದಿಲ್ಲ. ಸ್ಟೀಲ್ ಪಾತ್ರೆಯಲ್ಲಿ ಎಸ್‌ಸಿಐ, ಬಿಟೈನ್, ಇಡಿಟಿಎ ಕರಗಿಸಿದ ನೀರು ಸೇರಿಸಿ, ಕುದಿಯುವ ನೀರಿನ ಪಾತ್ರೆಯ ಮೇಲಿಟ್ಟು ಮುಚ್ಚಿ. 75-80 ಡಿಗ್ರಿಗೆ ಬಂದರೆ ಸಾಕು. ಐದೈದು ನಿಮಿಷಕ್ಕೊಮ್ಮೆ ಅದುಮುತ್ತಾ ಬಂದರೆ ಅರ್ಧ ಗಂಟೆಯೊಳಗೆ ಬಿಳಿ ಹಿಟ್ಟಾಗುತ್ತದೆ. ಈ ಹದ ರಾಗಿಮುದ್ದೆಯದೇ: ಗಂಟು ಉಳಿಯಬಾರದು, ಪಾತ್ರೆ ಬಿಡಬೇಕು. ಸೀಟೈಲ್, ಸ್ಟಿಯರಿಕ್, ಎಣ್ಣೆಯನ್ನು ಬೇರೆ ಬಟ್ಟಲಲ್ಲಿ ಕರಗಿಸಿ ಬಿಸಿಯಾಗಿರುವಾಗಲೇ ಇದಕ್ಕೆ ಸುರಿದು ನಾದಿ. ಕೆಳಗಿಳಿಸಿ, 50 ಡಿಗ್ರಿಗೆ ಬಂದಾಗ ಪ್ಯಾಂಥೆನಾಲ್, ಪ್ರಿಸರ್ವೇಟಿವ್. ಆಮೇಲೆ ಒಂದು ಗ್ರಾಂ ಹಿಟ್ಟನ್ನು 9 ಮಿಲಿ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ ಪಿಎಚ್ ಪಟ್ಟಿ ಅದ್ದಿ ನೋಡಿ. 6 ದಾಟಿದ್ದರೆ ಸಿಟ್ರಿಕ್ ಆಮ್ಲದ ನೂರಕ್ಕೆ 20 ಭಾಗದ ದ್ರಾವಣವನ್ನು ಹನಿ ಹನಿಯಾಗಿ ನಾದಿ 5.5ಕ್ಕೆ ತನ್ನಿ. ಹುಳಿಯನ್ನು ಮೊದಲೇ ಹಾಕಿ ಬಹಳ ಹೊತ್ತು ಬಿಸಿ ಮಾಡಬೇಡಿ, ಎಸ್‌ಸಿಐ ಒಡೆಯುತ್ತದೆ.

ಅಚ್ಚಿಗೆ ತುಂಬುವಾಗ ಮೂಲೆ ಮೂಲೆ ಒತ್ತಬೇಕು, ಗಾಳಿ ಉಳಿದರೆ ಆ ಜಾಗದಲ್ಲೇ ಬಾರು ಸೀಳುತ್ತದೆ. ಒಂದು ದಿನ ಬಿಟ್ಟು ತೆಗೆದು, ನೆರಳಲ್ಲಿ ಒಣಗಿಸಿ. ಎಷ್ಟು ದಿನ ಅನ್ನುವುದಕ್ಕಿಂತ ತೂಕ ನೋಡುವುದು ಸರಿ: ದಿನಾ ತೂಗಿ, ಇಳಿಯುವುದು ನಿಂತ ಮೇಲೆ ಬಳಸಿ.

ಒಣಗಿದ ಬಾರು ಮರಳಿನ ಹಾಗೆ ಉದುರಿದರೆ ಹಿಟ್ಟು ಬೇಯಲಿಲ್ಲ, ಅಥವಾ ಬಿಟೈನ್ ಕಡಿಮೆ. ಬಾರಿನ ಮೈಮೇಲೆ ಗಟ್ಟಿ ಕಾಳು ಸಿಕ್ಕಿದರೆ ಪುಡಿಯ ಬದಲು ಶಾವಿಗೆಯಂಥ ಎಸ್‌ಸಿಐ ತುಂಡು ಬಳಸಿ ಪೂರ್ತಿ ಕರಗಿಸಿಲ್ಲ. ಬಚ್ಚಲಲ್ಲಿ ಲೋಳೆಯಾದರೆ ದ್ರವ ಜಾಸ್ತಿ, ಇಲ್ಲ ಒಣಗಿದ್ದು ಸಾಲದು. ಸೀಟೈಲ್, ಸ್ಟಿಯರಿಕ್ ಬಿಟ್ಟು, ಎಣ್ಣೆ, ಬೆಣ್ಣೆ ಎಲ್ಲ ಸೇರಿ 8 ಗ್ರಾಂ ದಾಟಿದರೆ ನೊರೆ ಸಾಯುತ್ತದೆ. ಸೀಗೆಪುಡಿ ಹಾಕುವ ಆಸೆ ಎಲ್ಲರಿಗೂ. ವಸ್ತ್ರಗಾಳಿತ ಪುಡಿ 2 ಗ್ರಾಂಗಿಂತ ಹೆಚ್ಚು ಬೇಡ, ಆ ಪ್ರಮಾಣದಲ್ಲಿ ಅದು ಬಣ್ಣಕ್ಕೆ, ಹೆಸರಿಗೆ ಅಷ್ಟೆ; ಹೆಚ್ಚಿದರೆ ಗೀಚುತ್ತದೆ, ಬೂಷ್ಟೂ ಬೇಗ ಬರುತ್ತದೆ.

ಬಾಟಲಿ ಶಾಂಪೂವಿನಲ್ಲಿ ತೊಳೆಯುವ ಅಂಶ ಸಾಮಾನ್ಯವಾಗಿ ನೂರಕ್ಕೆ 10-15 ಭಾಗ. ಈ ಬಾರಿನಲ್ಲಿ ಅರ್ಧಕ್ಕೂ ಮೇಲೆ. ಆದ್ದರಿಂದ ತಲೆಗೆ ನೇರ ಉಜ್ಜಬೇಡಿ, ಉದ್ದ ಕೂದಲಾದರೆ ಗಂಟೂ ಬೀಳುತ್ತದೆ. ಒದ್ದೆ ಅಂಗೈಯಲ್ಲಿ ನಾಲ್ಕೈದು ಸುತ್ತು ತಿರುಗಿಸಿ ಆ ನೊರೆಯನ್ನು ನೆತ್ತಿಗೆ ಹಚ್ಚಿ. ತುದಿಗೆ ಹರಿದು ಬರುವ ನೊರೆಯೇ ಸಾಕು. ಹಂಡೆಯಲ್ಲಿ ಕುದಿಸಿ ತಣಿಸಿದ ನೀರು ಸಿಕ್ಕರೆ ಅದನ್ನೇ ಬಳಸಿ, ಕುದಿಯುವಾಗ ಗಡಸಿನಲ್ಲಿ ಒಂದು ಪಾಲು ಸುಣ್ಣವಾಗಿ ತಳ ಸೇರಿರುತ್ತದೆ, ತಳ ಕದಡದೆ ಮೇಲಿನದು ತೋಡಿಕೊಳ್ಳಬೇಕು. ಕೊನೆಗೆ ಒಂದೆರಡು ಲೀಟರ್ ಆರ್‌ಓ ನೀರು ಸುರಿದುಕೊಂಡರೆ ಕೂದಲು ನಯವಾಗಿ ಒಣಗುತ್ತದೆ. ಆದರೆ ಆರ್‌ಓ ಯಂತ್ರದ ಇನ್ನೊಂದು ಪೈಪಿನಿಂದ ಹೊರಹೋಗುವ ನೀರನ್ನು ಬಕೆಟ್ಟಿಗೆ ಹಿಡಿದು ತಲೆಗೆ ಹಾಕಿಕೊಳ್ಳುವವರಿದ್ದಾರೆ. ಬೋರಿನ ಉಪ್ಪೆಲ್ಲಾ ಸೇರಿರುವುದು ಅದರಲ್ಲೇ, ಅದು ನೆಲ ಒರೆಸಲು ಇರಲಿ. ಬಾರನ್ನು ತೂತಿರುವ ಡಬ್ಬಿಯಲ್ಲೋ ತೆಂಗಿನ ನಾರಿನ ಮೇಲೋ, ನೀರು ಎರಚದ ಗೂಡಿನಲ್ಲಿಡಿ.